ಎಂಟು ಜಾಡಿ ನೀರು ಚೆಲ್ಲಿಸಿದವರಿಗೆ

ಹಲ್ಲಿನ ಚಿಕಿತ್ಸೆಯ ವಸ್ತುಗಳಿಗೆ ಅನುಮೋದನೆ ನೀಡುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ಸ್ವಚ್ಛತಾ ಪರಿಶೀಲನೆಯ ನೆಪದಲ್ಲಿ ನಿಮ್ಮ ಪ್ರಯೋಗಾಲಯದ ಎಂಟು ಜಾಡಿ ನೀರನ್ನು ಸಿಂಕಿಗೆ ಚೆಲ್ಲಿಸಿದಿರಿ. ಆ ನೀರಿನಲ್ಲಿ ನನ್ನ ತಂಗಿಯ ಐದು ತಿಂಗಳ ದುಡಿಮೆಯಿತ್ತು. ಈಗ, ಪರೀಕ್ಷೆಯೇ ಮುಗಿಯದ ಹಲ್ಲು ತುಂಬುವ ಪೇಸ್ಟಿಗೆ ಬರುವ ಸೋಮವಾರ ಸಹಿ ಹಾಕಲು ಹೊರಟಿದ್ದೀರಿ.

ನಾನು ವಿಜ್ಞಾನಿಯಲ್ಲ, ನಾಟಕದವನು. ಮೂವತ್ತು ವರ್ಷ ಮೈಕಿಲ್ಲದೆ ಕೊನೆಯ ಸಾಲಿಗೆ ಕೇಳಿಸಿದ ಗಂಟಲು ನನ್ನದು. ಕಳೆದ ವರ್ಷ ಪ್ರಾಯೋಗಿಕ ಬಳಕೆಗೆಂದು ಬಂದಿದ್ದ ಇದೇ ಪೇಸ್ಟಿನಿಂದ ಮುಂದಿನ ಹಲ್ಲಿನ ಮೂಲೆ ಕಟ್ಟಿಸಿಕೊಂಡೆ. ಕಟ್ಟಿಸಿಕೊಂಡ ಏಳನೇ ತಿಂಗಳು, ತುಂಬಿದ ಸಭಾಂಗಣ. ಸಿಂಹಾಸನದಿಂದೆದ್ದು, "ಹಿಡಿದು ತನ್ನಿ ಆ ದ್ರೋಹಿಯನ್ನು" ಎಂದು ಗುಡುಗಿದೆ. ಹಲ್ಲಿನ ಮೂಲೆ ಹಾರಿ ಸೇನಾಪತಿಯ ಕಾಲಬುಡಕ್ಕೆ ಬಿತ್ತು. ಆ ಪುಣ್ಯಾತ್ಮ ಬಗ್ಗಿ ಎತ್ತಿ, "ಪ್ರಭುಗಳೇ, ತಮ್ಮದೇನೋ ಬಿತ್ತು" ಎಂದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ದುರಂತ ನಾಟಕವಾಗಿತ್ತು, ಮಾನ್ಯರೇ.

ನಿಮ್ಮಲ್ಲೇ ತಂತ್ರಜ್ಞೆಯಾಗಿರುವ ತಂಗಿ ಆ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟಳು. "ನಿನ್ನ ಗುಡುಗಿನ ತಪ್ಪಲ್ಲಣ್ಣ. ಪೇಸ್ಟ್ ಅಂದ್ರೆ ಅಂಟಿನಂಥ ರಾಳ, ಅದರೊಳಗೆ ಗಾಜಿನ ಪುಡಿ. ಗಾಜು ಸುಮ್ನೆ ರಾಳಕ್ಕೆ ಅಂಟ್ಕೊಳಲ್ಲ. ಪುಡಿಗೆ ಸಿಲೇನ್ ಅನ್ನೋ ರಾಸಾಯನಿಕದ ಲೇಪ ಕೊಟ್ಟು ಬಿಸಿ ಪೆಟ್ಟಿಗೇಲಿ ಕಾಯಿಸ್ಬೇಕು. ಆಗ ಲೇಪದ ಒಂದು ಕೈ ಗಾಜನ್ನ ಹಿಡಿಯುತ್ತೆ, ಇನ್ನೊಂದು ರಾಳವನ್ನ. ಈ ಪೇಸ್ಟ್ ಮಾಡಿದ ಕಂಪನಿಯವರು ಕಾಯಿಸೋದನ್ನೇ ನುಂಗಿದಾರೆ ಅಂತ ನನ್ನ ಅನುಮಾನ."

"ಮತ್ತೆ ಪರೀಕ್ಷೇಲಿ ಹೇಗಮ್ಮ ಪಾಸಾಯ್ತು?"

"ಪೇಸ್ಟನ್ನ ಬಿಲ್ಲೆ ಮಾಡಿ, ಒಣಗಿದ್ದಾಗಲೇ ಮುರಿದು ನೋಡಿದ್ರು. ಒಣಗಿದ್ದಾಗ ಒಳ್ಳೇದೂ ಗಟ್ಟಿ, ಕೆಟ್ಟದ್ದೂ ಗಟ್ಟಿ. ನೀರಲ್ಲಿ ನೆನೆಹಾಕಿದ್ಮೇಲೇ ಬಣ್ಣ ಬಯಲಾಗೋದು."

ಬಾಯಿ ಸದಾ ಒಣಗಿರುವುದು ಯಾರಿಗೆ ಸ್ವಾಮಿ? ನಿಮ್ಮೆದುರು ನಿಂತ ನೌಕರರಿಗೆ ಬಿಟ್ಟರೆ?

ಅದಕ್ಕೇ ಅವಳು ಈ ಪೇಸ್ಟಿನ ಬಿಲ್ಲೆಗಳನ್ನು ನಾಲ್ಕು ಜಾಡಿಗಳಲ್ಲೂ, ಸರಿಯಾಗಿ ಕಾಯಿಸಿದ ಪುಡಿಯ ಬಿಲ್ಲೆಗಳನ್ನು ಇನ್ನು ನಾಲ್ಕರಲ್ಲೂ ಆರು ತಿಂಗಳಿಗೆಂದು ನೆನೆಹಾಕಿದಳು. ಇನ್ನೊಂದೇ ತಿಂಗಳಿತ್ತು. ಅವಳು ರಜೆಯಲ್ಲಿದ್ದ ದಿನ ತಾವು ಪ್ರವೇಶಿಸಿದಿರಿ. "ಇದೇನ್ರೀ ಹಳೇ ನೀರು, ಸೊಳ್ಳೆ ಸಾಕ್ತಿದೀರಾ?" ಎಂದಿರಂತೆ. ಅಪ್ಪಣೆಯಾಯಿತು, ನೀರು ಹೋಯಿತು. ಹೆಸರಿನ ಚೀಟಿಗಳಿದ್ದದ್ದು ಜಾಡಿಗಳ ಮೇಲೆ. ಬಿಲ್ಲೆಗಳನ್ನು ಶುಚಿಯಾಗಿ ಒರೆಸಿ, ಎಲ್ಲವನ್ನೂ ಒಂದೇ ಲಕೋಟೆಗೆ ತುಂಬಿಸಿದಿರಿ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಈಗ ಹೆತ್ತ ತಾಯಿಯಂಥ ಅವಳೂ ಹೇಳಲಾರಳು. ಕಡತದಲ್ಲಿ ಉಳಿದಿರುವುದು ಆ ಒಣ ಪರೀಕ್ಷೆಯೊಂದೇ. ಎಂಥ ಅಚ್ಚುಕಟ್ಟು. ಮೂವತ್ತು ವರ್ಷದಲ್ಲಿ ಇಷ್ಟು ಸದ್ದಿಲ್ಲದೆ ಕೊಲೆ ಮಾಡಿದ ಖಳನನ್ನು ನಾನು ರಂಗದ ಮೇಲೆ ಕಂಡಿಲ್ಲ.

ತಂಗಿ ಕೂಗಾಡಲಿಲ್ಲ. ಎಂಟೂ ಜಾಡಿ ತೊಳೆದು ಬೋರಲು ಹಾಕಿದ್ದಾಳೆ. ಹೊಸ ಚೀಟಿ ಅಂಟಿಸಿದ್ದಾಳೆ, ದಿನಾಂಕದ ಜಾಗ ಖಾಲಿ. ಮತ್ತೆ ನೀರು ತುಂಬಲು ನಿಮ್ಮದೊಂದು ಸಾಲಿನ ಅಪ್ಪಣೆ ಬೇಕು. ಅದನ್ನು ಬರೆಯಿರಿ. ಆರು ತಿಂಗಳು ಸಹಿಯ ಪೆನ್ನಿಗೆ ಮುಚ್ಚಳ ಹಾಕಿಡಿ. ಸಾವಿರಾರು ಬಾಯಿಗಳು ಕಾಯುತ್ತವೆ. ನಾನೂ ಹಲ್ಲು ಕಟ್ಟಿಸಿಕೊಳ್ಳದೆ ಕಾಯುತ್ತೇನೆ. ಬರೆಯದಿದ್ದರೆ, ಸೋಮವಾರ ನಿಮ್ಮ ಕಿಟಕಿಯ ಕೆಳಗೆ ನಿಂತು ಈ ಪತ್ರವನ್ನು ಓದುತ್ತೇನೆ. ನನಗೆ ಮೈಕು ಬೇಕಿಲ್ಲ.

ಇಂತಿ,
ಹಲ್ಲು ಬಿದ್ದ ದಿನವೇ ಸಿಂಹಾಸನ ಇಳಿದು, ಈಗ ಮಾತಿಲ್ಲದ ದ್ವಾರಪಾಲಕನ ಪಾತ್ರದಲ್ಲಿರುವ ಮಾಜಿ ಮಹಾರಾಜ