ಕಡಲಬಾತಿನ ದೋಣಿಗೆ ಇಬ್ಬರು

ನವೆಂಬರ್ 3, ಮನೀಟ್ಸೊಕ್

ಗ್ರೀನ್‌ಲ್ಯಾಂಡ್ ರೇಡಿಯೊ ಗಾಳಿ ಇಲ್ಲ ಎಂದಿತು. ಹೊರಟೆವು. ಎಂಜಿನ್ ಹತ್ತಿರ ಜಾಕು, ಮುಂದೆ ಬಂದೂಕು ಹಿಡಿದು ನಾನು. ಮೊದಲ ಗುಂಡು ವ್ಯರ್ಥ.

“ಮಾವ, ಅದು ಬಂಡೆ. ಬಾತು ಅದರಾಚೆ ಇತ್ತು!”

“ಬಾಯಿ ಮುಚ್ಚಿ ದೋಣಿ ಹಿಡಿಯೋ.”

ಆಮೇಲೆ ಐದು ಬಿದ್ದವು. ಮಗಳು ಅಮಾಲಿ ಬೇಸಿಗೆಯಲ್ಲಿ ಇವನಿಗೆ ವಿಚ್ಛೇದನ ಕೊಟ್ಟು ರಾಜಧಾನಿ ನೂಕ್‌ಗೆ ಹೋದಳು. ದೋಣಿಯಲ್ಲಿ ಆ ಮಾತು ಬರುವುದಿಲ್ಲ. ಬರುವುದು ಇವನು ಮಾತ್ರ.

ನವೆಂಬರ್ 9

ಅಮಾಲಿ ಫೋನ್. ಕ್ರಿಸ್‌ಮಸ್‌ಗೆ ಬರುತ್ತಾಳೆ, ಹೊಸ ಗೆಳೆಯ ಪಾವಿಯಾನ ಜೊತೆ. ಈಗ ಒಟ್ಟಿಗಿದ್ದಾರೆ.

“ಅಪ್ಪ, ಇನ್ನೂ ಜಾಕು ಜೊತೇನೇ ಹೋಗ್ತೀಯಾ? ಪಾವಿಯಾಗೆ ಹೇಗನ್ಸುತ್ತೆ? ಅವನನ್ನೇ ಕರ್ಕೊಂಡು ಹೋಗು.”

ನೋಡೋಣ ಎಂದೆ. ಹೇಡಿ ಮಾತು.

ನವೆಂಬರ್ 17, ಸಂಜೆ

ಹೊರಗಡಲಲ್ಲಿ ಎಂಜಿನ್ ನಿಲ್ಲಿಸಿದಾಗ ಜಾಕುಗೆ ಹೇಳಿಯೇಬಿಟ್ಟೆ — ಹಬ್ಬ ಮುಗಿಯುವವರೆಗೆ ಬರಬೇಡ ಎಂದು. ಅಷ್ಟರಲ್ಲಿ ಬಾತುಗಳು ಎದ್ದವು. ಹೊಡೆದೆ. ರೆಕ್ಕೆ ಮುರಿದ ಒಂದು ಮುಳುಗಿ ಮುಳುಗಿ ಏಳುತ್ತಿತ್ತು. ಹತ್ತಿರ ಹೋಗಿ ಬಲೆಕೋಲು ಚಾಚಿದೆ. ಪಕ್ಕದಿಂದ ಅಲೆ... ನೀರಲ್ಲಿದ್ದೆ. ಉಸಿರೇ ನಿಂತಂತಾಯಿತು.

“ಕೈ ಕೊಡಿ ಮಾವ! ಕೋಲು ಬಿಡಿ, ಕೈ!”

ಸೊಂಟಪಟ್ಟಿ ಹಿಡಿದು ದೋಣಿಯೊಳಗೆ ಎಳೆದುಕೊಂಡ. ಒದ್ದೆ ಬಟ್ಟೆ ಕಿತ್ತು ತನ್ನ ಸ್ವೆಟರ್ ತೊಡಿಸಿದ. ದಾರಿಯುದ್ದಕ್ಕೂ ಬೈಗುಳ.

“ಒಂದು ಬಾತಿಗೆ ಪ್ರಾಣ ಕೊಡ್ತೀರಾ? ಈ ವಯಸ್ಸಲ್ಲಿ!”

ದಡ ಕಂಡಾಗ ದನಿ ಇಳಿಸಿದ. “ನನ್ನ ಬಿಟ್ಟಿದ್ದು ಅಮಾಲಿ. ನೀವೂ ಬಿಡೋದಾದ್ರೆ ಹಬ್ಬದ ನೆಪ ಬೇಡ. ನೇರವಾಗಿ ಹೇಳಿ.”

ಹಲ್ಲು ಕಟಕಟ ಎನ್ನುತ್ತಿತ್ತು. ಉತ್ತರ ಕೊಡದಿರಲು ಅದೊಂದು ನೆಪ ಸಿಕ್ಕಿತು.

ನವೆಂಬರ್ 26

ಜ್ವರ ಇಳಿಯಿತು. ಇಷ್ಟು ದಿನವೂ ಜಾಕು ಬರಲಿಲ್ಲ. ನೆರೆಮನೆಯವಳು ಬಾತಿನ ಸಾರು ತಂದಳು — ಅವನೇ ಮಾಡಿ ಅವಳ ಕೈಲಿ ಕಳಿಸಿದ್ದು. ಉಪ್ಪು ಜಾಸ್ತಿ. ಪೂರ್ತಿ ಕುಡಿದೆ. ಆಮೇಲೆ ಅಮಾಲಿಗೆ ಫೋನ್ ಮಾಡಿದೆ.

“ಪಾವಿಯಾ ಬರಲಿ. ನನ್ನ ಮನೇಲಿ ಅವನಿಗೂ ಊಟ ಇದೆ. ದೋಣಿ ಮಾತ್ರ ಜಾಕುನೇ ನಡೆಸೋದು.”

“ನಾನು ನಿನ್ನ ಮಗಳು, ಅಪ್ಪ.”

“ಹೌದು ಮಗಳೇ. ಜಾಕುನ ಏನಂತ ಕರೀಬೇಕೋ ನಂಗೆ ಗೊತ್ತಿಲ್ಲ.”

ಮೂಗು ಸೇದಿದ ಸದ್ದು ಕೇಳಿತು. ಅತ್ತಳೋ ಏನೋ. “ಸರಿ,” ಎಂದಳು.

ನವೆಂಬರ್ 27, ಬೆಳಿಗ್ಗೆ

ಕಡಲು ಶಾಂತ. ಬಾತುಗಳು ಕೊಲ್ಲಿಯೊಳಗೇ ಬಂದಿವೆ, ಕೂಗು ಕೇಳುತ್ತಿದೆ. ಅವನ ಮನೆಗೆ ನಾನೇ ಹೋಗಬೇಕು. ಬೂಟು ಹಾಕಿಕೊಂಡೆ. ಅವನು ಬಾಗಿಲು ತೆರೆದರೆ ಮೊದಲು ಏನು ಹೇಳುವುದು... ತಪ್ಪಾಯಿತು ಎಂದೇ ಹೇಳಬೇಕು. ಕಿಟಕಿಯಿಂದ ದೋಣಿಕಟ್ಟೆ ಕಾಣುತ್ತದೆ. ನನ್ನ ದೋಣಿಯಲ್ಲಿ ಯಾರೋ ಬಗ್ಗಿ ಹಿಮ ಗೋರಿ ಚೆಲ್ಲುತ್ತಿದ್ದಾರೆ. ಆ ಬೆನ್ನು ಜಾಕುದೇ.