ಅಪ್ಪನ ಅಟ್ಟಣಿಗೆಗೆ ದೂರ ಅಳೆಯುವ ಯಂತ್ರ

ಇಷ್ಪೆಮಿಂಗ್, ಮಿಷಿಗನ್
ಸೆಪ್ಟೆಂಬರ್ ೨೧

ಪ್ರೀತಿಯ ತಮ್ಮ ಮರ್ವಿನ್,

ನೀನೂ ಡೋರೀನಳೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನು ಕ್ಷೇಮ. ಮೇಪಲ್ ಮರಗಳು ಆಗಲೇ ಕೆಂಪಾಗಿವೆ, ಬೆಳಿಗ್ಗೆ ಕಾರಿನ ಗಾಜಿನ ಮೇಲೆ ತೆಳ್ಳಗೆ ಹಿಮ ಕೂರುತ್ತಿದೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ತಡಮಾಡಿದ್ದಕ್ಕೆ ಬೇಸರಪಡಬೇಡ. ಟೊಮ್ಯಾಟೊ ಬೇಯಿಸಿ ಸೀಸೆಗೆ ತುಂಬುವ ಕೆಲಸವಿತ್ತು, ಬೆರಳಿನ ಗಂಟು ನೋಯುತ್ತಿತ್ತು ಎಂದೆಲ್ಲ ಬರೆಯಬಹುದು. ನಿಜ ಹೇಳಿಬಿಡುತ್ತೇನೆ, ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಬರೆದ ಕಾಗದಗಳು ಒಲೆಗೆ ಹೋದವು. ಇದರಲ್ಲೂ ಸಿಟ್ಟು ಪೂರ್ತಿ ಇಳಿದಿಲ್ಲ, ಆದರೆ ಓದುವಂತಿದೆ.

ಏಪ್ರಿಲ್‌ನಲ್ಲಿ ಅಪ್ಪನನ್ನು ಮಣ್ಣು ಮಾಡಿದ ಮೇಲೆ ನೀನು ಬರೆದ ಮೊದಲ ಕಾಗದ ಅದು. ಅಕ್ಕ ಹೇಗಿದ್ದಾಳೆ ಎಂದು ಕೇಳಲು ಬರೆದಿರಬಹುದು ಅಂದುಕೊಂಡೆ. ನೀನು ಕೇಳಿದ್ದು ರೇಂಜ್‌ಫೈಂಡರ್ ಬಗ್ಗೆ. ನಿನ್ನ ಅಳಿಯ ಟ್ರೆಂಟ್ ಈ ವರ್ಷ ಬಿಲ್ಲಿನ ಬೇಟೆಗೆ ಬರುತ್ತಾನೆ, ಬೇಟೆಮನೆಯ ಹಿಂದಿನ ಓಕ್ ಮರದ ಮೇಲಿರುವ ಅಪ್ಪನ ಅಟ್ಟಣಿಗೆ ಇನ್ನು ಅವನದು. 'ಅಪ್ಪನಿಗಿದ್ದ ಕಣ್ಣು ಅವನಿಗೆಲ್ಲಿಂದ ಬರಬೇಕು? ಜಿಂಕೆ ಎಷ್ಟು ಗಜ ದೂರ ಇದೆ ಅಂತ ಅಳೆಯೋಕೆ ಒಂದು ಲೇಸರ್ ಯಂತ್ರ ಕೊಡಿಸೋಣ. ಜಾಸ್ತಿ ದುಡ್ಡಿನದು ಬೇಡ. ನೀನೇ ನೋಡಿ ಆರಿಸಿ ಕಳಿಸು, ನಿನಗೆ ಅಲ್ಲಿ ಅಭ್ಯಾಸ ಇದೆಯಲ್ಲ' ಎಂದು ನೀನು ಬರೆದೆ.

ಅಭ್ಯಾಸ. ಹತ್ತೊಂಬತ್ತು ವರ್ಷ ಪ್ರತಿ ಅಕ್ಟೋಬರ್, ಬೆಳಕು ಹರಿಯುವ ಮೊದಲು ನಾನು ಆ ಏಣಿ ಹತ್ತಿ ಅಪ್ಪನ ಎಡಗಡೆ ಕೂತಿದ್ದೇನೆ. ಬೇಟೆಮನೆಯಲ್ಲಿ ಹೆಂಗಸರು ರಾತ್ರಿ ಉಳಿಯುವಂತಿಲ್ಲ ಎಂಬ ನಿಮ್ಮ ನಿಯಮಕ್ಕೆ ತಲೆಬಾಗಿ, ನೀವೆಲ್ಲ ಇಸ್ಪೀಟು ಹಾಕಿಕೊಂಡು ನಗುವ ಹೊತ್ತಿಗೆ ನಾನು ಕಾರು ಓಡಿಸಿಕೊಂಡು ಮನೆಗೆ ಬಂದಿದ್ದೇನೆ. ಅಪ್ಪನ ಮೊಣಕಾಲು ಸರಿಯಿಲ್ಲ, ಹತ್ತಿಸಲು ಇಳಿಸಲು ಮಗಳು ಬೇಕು ಎಂದು ಎಲ್ಲರೂ ನಂಬಿದ್ದರು. ಅಪ್ಪ ಹೋದ ಮೇಲೂ ಆ ಜಾಗ ನನಗೆ ಉಳಿಯುತ್ತದೆ ಎಂದು ನಾನು ಒಬ್ಬಳೇ ನಂಬಿಕೊಂಡಿದ್ದೆ. ನೀನು ಎರಡೇ ಸಾಲಿನಲ್ಲಿ ಅದನ್ನು ಮುಗಿಸಿದೆ: 'ಅಪ್ಪನೇ ಹೇಳಿಹೋದ, ಅಟ್ಟಣಿಗೆ ಗಂಡುಮಕ್ಕಳ ಕಡೆಗೆ ಹೋಗಲಿ ಅಂತ. ಲೋರ್ನಾ ಸುಮ್ಮನೆ ಕಾಫಿ ಬಗ್ಗಿಸೋಕೆ ಬರ್ತಿದ್ದಳು ಅಂದ.' ಅಳಿಯ ಗಂಡುಮಕ್ಕಳ ಕಡೆ ಹೇಗಾದ ಎಂದು ನಾನು ಕೇಳುವುದಿಲ್ಲ. ಪ್ಯಾಂಟು ಹಾಕಿದ್ದಾನೆ, ಸಾಕು.

ಇರಲಿ. ಕೇಳಿದ ಕೆಲಸ ಮಾಡಿದ್ದೇನೆ. ಎಲ್ಡನ್‌ನ ಬೇಟೆ, ಆಟದ ಸಾಮಾನಿನ ಅಂಗಡಿಗೆ ಹೋಗಿದ್ದೆ. ಅವನು ಮೊದಲಿನ ಹಾಗೇ ಇದ್ದಾನೆ, ಬಾಯಿಗೆ ಬಿಡುವಿಲ್ಲ.

"ಏನ್ ಲೋರ್ನಕ್ಕ, ನಿನಗ್ಯಾಕೆ ಯಂತ್ರ? ನಿಮ್ಮಪ್ಪ ಬರೀ ಕಣ್ಣಲ್ಲೇ ಅಳೆದು ಹೊಡೀತಿದ್ದ" ಅಂದ.

"ನಂಗಲ್ಲ ಕಣೋ, ಮರ್ವಿನ್ ಅಳಿಯನಿಗೆ. ಸೇತುವೆ ಆಚೆ, ಲ್ಯಾನ್ಸಿಂಗ್ ಪೇಟೆಯವನು."

"ಹಂಗಾದ್ರೆ ಯಂತ್ರ ಮಾತ್ರ ಯಾಕೆ, ಜಿಂಕೆನೂ ನಾವೇ ಕಟ್ಟಿಹಾಕಿ ಕೊಡೋಣ ಬಿಡು" ಎಂದು ಗಲ್ಲಾದ ಹಿಂದೆ ನಿಂತು ನಕ್ಕ.

ಪೆಟ್ಟಿಗೆಗಳ ಮೇಲೆ ದೊಡ್ಡ ಅಕ್ಷರದಲ್ಲಿ ಸಾವಿರ ಗಜ, ಸಾವಿರದೈನೂರು ಗಜ ಎಂದಿರುತ್ತದೆ. ಅದಕ್ಕೆ ಮರುಳಾಗಬೇಡ. ಆ ದೂರ ಹೊಳೆಯುವ ತಗಡಿಗೆ. ಜಿಂಕೆಯ ಚರ್ಮ ಬೆಳಕನ್ನು ನುಂಗುತ್ತದೆ, ಅಲ್ಲಿ ಅರ್ಧವೂ ಸಿಗುವುದಿಲ್ಲ. ನಮ್ಮ ಕಾಡಿನಲ್ಲಿ ಬಿಲ್ಲಿಗೆ ನಲವತ್ತು ಗಜವೇ ಹೆಚ್ಚು, ಸಾವಿರಕ್ಕೆ ದುಡ್ಡು ಸುರಿಯುವುದು ದಂಡ. ಬೇಕಾದದ್ದು ಬೇರೆ. ಮರದ ಮೇಲಿಂದ ಕೆಳಗೆ ನೋಡುವಾಗ ಓರೆಯಾಗಿ ಅಳೆದ ದೂರ ಒಂದು, ನೆಲದ ಮೇಲಿನ ದೂರ ಇನ್ನೊಂದು. ಬಾಣ ಕೇಳುವುದು ನೆಲದ ಲೆಕ್ಕವನ್ನು. ಅದನ್ನು ತಾನೇ ಕಳೆದು ಹೇಳುವಂಥದ್ದು ಬೇಕು. ಇನ್ನೊಂದು, ಒಳಗಿನ ಅಂಕಿ ಕೆಂಪಗೆ ಹೊಳೆಯಬೇಕು. ಕಪ್ಪು ಅಂಕಿಯದು ಅಗ್ಗ, ಆದರೆ ಮುಂಜಾವಿನ ಮಬ್ಬಿನಲ್ಲಿ ಕಾಡೂ ಕಪ್ಪು, ಅಂಕಿಯೂ ಕಪ್ಪು.

ಟ್ರೆಂಟ್ ಹತ್ತಿರ ಗಾಲ್ಫ್ ಆಡುವಾಗ ಬಳಸುವ ಯಂತ್ರ ಇದೆ, ಅದೇ ಸಾಲದೇ ಎಂದೂ ನೀನು ಕೇಳಿದ್ದೆ. ಅದಕ್ಕಾಗಿಯೇ ಎಲ್ಡನ್‌ನಿಂದ ಗಾಲ್ಫಿನದೊಂದು, ಬೇಟೆಯದೊಂದು ಎರವಲು ತಂದು, ಭಾನುವಾರ ಚರ್ಚು ಮುಗಿಸಿ ನೇರವಾಗಿ ಓಕ್ ಮರಕ್ಕೆ ಹೋದೆ. ಬೇಟೆಮನೆಯ ಬೀಗದ ಕೈ ಚಿಕ್ಕಪ್ಪನ ಮಗ ಗೋರ್ಡಿಯ ಹತ್ತಿರವಲ್ಲವೇ, ಅವನೂ ಜೊತೆಗೆ ಬಂದ. ಅವನಿಗೆ ನಾನು ಗೋಮಾಂಸ, ಆಲೂಗಡ್ಡೆ ತುಂಬಿದ ಪಾಸ್ಟಿ ಕಟ್ಟಿಕೊಂಡು ಹೋಗಿದ್ದೆ. ಅದನ್ನು ತಿನ್ನುತ್ತ ಕೆಳಗೆ ನಿಂತು ಏಣಿ ಹಿಡಿದುಕೊಂಡ.

"ನಿಂಗೇನು ಕೊಟ್ಟ ಮರ್ವಿನ್, ಇಷ್ಟೆಲ್ಲ ಹತ್ತಿ ಇಳಿಯೋಕೆ?" ಅಂದ.

"ಅಭ್ಯಾಸ ಇದೆಯಂತೆ ನಂಗೆ."

"ಸರಿ, ನೋಡೋಣ. ಮೊದಲು ನೀನು ಹೇಳು, ಆಮೇಲೆ ಯಂತ್ರ ಹೇಳ್ಲಿ. ಆ ಬಿಳೀ ಬರ್ಚ್ ಮರ?"

"ಇಪ್ಪತ್ತೆಂಟು."

ಬೇಟೆಯ ಯಂತ್ರದ ಗುಂಡಿ ಒತ್ತಿದೆ. ಇಪ್ಪತ್ತೆಂಟು.

"ತೊರೆ ಹತ್ತಿರ ಪಾಚಿ ಕಲ್ಲು?"

"ಮೂವತ್ತೇಳು." ಯಂತ್ರವೂ ಅಷ್ಟೇ ಹೇಳಿತು.

ಗೋರ್ಡಿ ಪಾಸ್ಟಿ ಅಗಿಯುವುದನ್ನು ನಿಲ್ಲಿಸಿದ. "ಯಪ್ಪಾ! ದೊಡ್ಡಪ್ಪನ ಕಣ್ಣು ನಿಂಗೇ ಬಂದಿದೆ ಕಣೆ" ಅಂದ.

ಆಮೇಲೆ ಗಾಲ್ಫಿನದನ್ನು ತೆಗೆದು ಅದೇ ಕಲ್ಲಿಗೆ ಹಿಡಿದೆ. ಹನ್ನೆರಡು ಎಂದಿತು. ಮತ್ತೆ ಒತ್ತಿದರೂ ಹನ್ನೆರಡು. ನಡುವೆ ಹೇಜಲ್ ಪೊದೆಯ ಒಂದು ಬೋಳು ರೆಂಬೆ ಚಾಚಿತ್ತು, ಅದನ್ನೇ ಹಿಡಿದುಕೊಂಡಿತ್ತು. ಗಾಲ್ಫ್ ಮೈದಾನದಲ್ಲಿ ಬಾವುಟ ಮುಂದೆ, ಮರಗಳು ಹಿಂದೆ. ಹಾಗಾಗಿ ಅದಕ್ಕೆ ಮೊದಲು ಕಂಡದ್ದೇ ಸತ್ಯ. ಕಾಡಿನಲ್ಲಿ ಮುಂದಿರುವುದು ಬರೀ ಕಸಕಡ್ಡಿ, ಜಿಂಕೆ ಹಿಂದೆ. ಬೇಟೆಯ ಯಂತ್ರ ಕಡ್ಡಿಯನ್ನು ಬಿಟ್ಟು ಹಿಂದಿನದನ್ನು ಹಿಡಿಯುತ್ತದೆ. ಲ್ಯಾನ್ಸಿಂಗ್‌ನವರು ಪ್ರತಿ ವರ್ಷ ಮಾಡುವ ತಪ್ಪು ಇದೇ. ಇದ್ದ ಗಾಲ್ಫ್ ಯಂತ್ರವನ್ನೇ ಜೇಬಿಗೆ ಹಾಕಿಕೊಂಡು ಬಂದು, ಬಾಣ ಯಾಕೆ ಕೆಳಗೆ ಹೋಯಿತು ಎಂದು ಬಿಲ್ಲನ್ನು ಬಯ್ಯುತ್ತಾರೆ.

ಒಂದು ಮಾತು ಮುಚ್ಚಿಡುವುದಿಲ್ಲ. ಆ ಹಲಗೆಯ ಮೇಲೆ ಕೂತು, ನಿನಗೆ 'ಗಾಲ್ಫಿನದೇ ಸಾಕು' ಎಂದು ಬರೆದುಬಿಡೋಣವೇ ಎಂದು ನನಗೆ ಅನ್ನಿಸಿತು. ಎಷ್ಟು ಸುಲಭ ನೋಡು. ಟ್ರೆಂಟ್ ಮೊದಲ ದಿನವೇ ಗುರಿ ತಪ್ಪುತ್ತಾನೆ. ಸಂಜೆ ನೀವೆಲ್ಲ ಸೇರಿ, ಬೇಟೆಮನೆಯ ವಾಡಿಕೆಯಂತೆ ತಪ್ಪಿದವನ ಅಂಗಿಯ ಹಿಂದಿನ ಚುಂಗು ಕತ್ತರಿಸಿ, ಹೆಸರು ಬರೆದು ಗೋಡೆಗೆ ಮೊಳೆ ಹೊಡೆಯುತ್ತೀರಿ. ಆ ಗೋಡೆಯ ಮೇಲೆ ನಿನ್ನ ಚುಂಗು ಮೂರು ಇವೆ, ಗೋರ್ಡಿಯದು ಲೆಕ್ಕವಿಲ್ಲ, ಅಪ್ಪನದು ಆ ಹತ್ತೊಂಬತ್ತು ವರ್ಷದಲ್ಲಿ ಒಂದೂ ಇಲ್ಲ. ಟ್ರೆಂಟ್‌ನ ಹೊಸ ಅಂಗಿ ಅಲ್ಲಿ ನೇತಾಡುವುದನ್ನು ನೆನೆದು ಖುಷಿಯೂ ಆಯಿತು. ಆದರೆ ಬಾಣ ಎಲ್ಲ ಸಲ ಪೂರ್ತಿ ತಪ್ಪುವುದಿಲ್ಲ. ಕಾಲಿಗೋ ಹೊಟ್ಟೆಗೋ ತಾಗುತ್ತದೆ. ಹೊಟ್ಟೆಗೆ ಬಾಣ ನಾಟಿದ ಜಿಂಕೆ ಜೌಗಿನಲ್ಲಿ ಮಲಗಿ ಇಡೀ ದಿನ ಸಾಯುವುದನ್ನು ನಾನು ನೋಡಿದ್ದೇನೆ. ನನ್ನ ಹೊಟ್ಟೆಯುರಿಗೆ ಅದು ಯಾಕೆ ನರಳಬೇಕು?

ಆದ್ದರಿಂದ ಸರಿಯಾದದ್ದನ್ನೇ ಕೊಂಡು ಅಂಚೆಗೆ ಹಾಕಿದ್ದೇನೆ. ಮಧ್ಯಮ ಬೆಲೆಯದು, ನೀನು ಹೇಳಿದ ಮಿತಿಯೊಳಗೇ ಬಂತು. ಓರೆ ಕಳೆದು ಹೇಳುತ್ತದೆ, ಅಂಕಿ ಕೆಂಪು, ಗುಂಡಿ ಒತ್ತಿದರೆ ಸದ್ದಿಲ್ಲ. ಚಳಿಗೆ ಬ್ಯಾಟರಿ ಸಾಯುತ್ತದೆ, ಅಂಗಿಯ ಒಳಗೆ ಮೈಗೆ ತಾಗುವಂತೆ ಇಟ್ಟುಕೊಳ್ಳಲಿ. ಜಿಂಕೆ ಬಂದ ಮೇಲೆ ಅಳೆಯಲು ಹೋಗಬಾರದು, ಕೈ ಆಡಿಸಿದರೆ ಅದು ನೋಡಿಬಿಡುತ್ತದೆ. ಹತ್ತಿದ ಕೂಡಲೇ ಸುತ್ತಲಿನ ಮರ, ಕಲ್ಲು ಅಳೆದು ಮನಸ್ಸಿನಲ್ಲಿಟ್ಟುಕೊಳ್ಳಲಿ. ಏಣಿಯ ಮೂರನೆಯ ಮೆಟ್ಟಿಲು ಸಡಿಲವಾಗಿತ್ತು, ಗೋರ್ಡಿಯ ಕೈಯಲ್ಲಿ ಹೊಸ ಮೊಳೆ ಹೊಡೆಸಿದ್ದೇನೆ. ಎಡಗಡೆಯ ದಿಂಬು ನನ್ನದು, ಅದನ್ನು ಮಾತ್ರ ಮನೆಗೆ ತಂದೆ.

ನಿನ್ನ ಮಗಳು ಕಾರ್ಲಾಳಿಗೆ ನನ್ನ ಪ್ರೀತಿ ತಿಳಿಸು. ಮಗು ಒಳ್ಳೆಯದು, ಈ ಯಾವುದರಲ್ಲೂ ಅವಳ ತಪ್ಪಿಲ್ಲ. ಅವಳ ಗಂಡನ ಕೈ ಗಟ್ಟಿಯಾಗಿರಲಿ, ಬಾಣ ನೇರ ಹೋಗಲಿ, ಜಿಂಕೆ ನೋವಿಲ್ಲದೆ ಬೀಳಲಿ. ನಿನಗೂ ಡೋರೀನಳಿಗೂ ದೇವರು ಆರೋಗ್ಯ ಕೊಡಲಿ.

ನಿನ್ನ ಅಕ್ಕ,
ಲೋರ್ನಾ

ಮರೆತದ್ದು: ಅಪ್ಪನ ಕಣ್ಣಿನ ಬಗ್ಗೆ ಇನ್ನೊಂದು ಮಾತು. ಗಣಿಯಲ್ಲಿ ಅವನ ಕಣ್ಣಿಗೆ ಕಬ್ಬಿಣದ ಚೂರು ತಾಗಿದ್ದು ನಿನಗೆ ನೆನಪಿರಬಹುದು. ವಾಸಿಯಾಯಿತು ಎಂದು ಅಪ್ಪ ಎಲ್ಲರಿಗೂ ಹೇಳಿದ. ವಾಸಿಯಾಗಿರಲಿಲ್ಲ. ಎಡಗಣ್ಣು ಪೂರ್ತಿ ಹೋಗಿತ್ತು. ಮೊಣಕಾಲಿಗೆ ಏನೂ ಆಗಿರಲಿಲ್ಲ. "ಗುರಿ ಹಿಡಿಯೋಕೆ ಒಂದು ಕಣ್ಣು ಸಾಕು ಮಗಳೇ, ಆದ್ರೆ ದೂರ ಗೊತ್ತಾಗ್ತಿಲ್ಲ. ಇವರಿಗೆ ತಿಳಿದ್ರೆ ನನ್ನನ್ನ ಅಡುಗೆ ಕೆಲಸಕ್ಕೆ ಹಾಕ್ತಾರೆ, ಯಾರಿಗೂ ಹೇಳ್ಬೇಡ" ಅಂದ. ಅಂದಿನಿಂದ ಪ್ರತಿ ಜಿಂಕೆಗೂ ನಾನು ಎಡಗಡೆ ಕೂತು ಅವನ ಕಿವಿಯಲ್ಲಿ ಗಜ ಹೇಳುತ್ತಿದ್ದೆ, ಅವನು ಬಾಣ ಬಿಡುತ್ತಿದ್ದ. ನೀವೆಲ್ಲ ಹೊಗಳಿದ ಕಣ್ಣು ಅದು. ಈ ಗುಟ್ಟನ್ನು ಅವನು ಬದುಕಿರುವವರೆಗೆ ಕಾಪಾಡಿದೆ, ಇನ್ನು ಕಾಪಾಡುವುದಿಲ್ಲ.

ನಾನು ಕಾಫಿ ಬಗ್ಗಿಸೋಕೆ ಬರುತ್ತಿದ್ದೆ ಎಂದು ಅಪ್ಪ ಅಂದದ್ದನ್ನು ನೀನು ಬರೆದು ತಿಳಿಸಬೇಕಾಗಿರಲಿಲ್ಲ. ಆಸ್ಪತ್ರೆಯಲ್ಲಿ ಅಪ್ಪ ಆ ಮಾತು ಆಡುವಾಗ ನೀನು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೆ. ನಾನು ನಿಮ್ಮಿಬ್ಬರಿಗೂ ಕಾಫಿ ತಂದು ನಿನ್ನ ಬೆನ್ನ ಹಿಂದೆ, ಮಂಚದ ಪಕ್ಕದಲ್ಲೇ ನಿಂತಿದ್ದೆ. ಅಪ್ಪನಿಗೆ ಕಾಣಲಿಲ್ಲ. ಅವನ ಎಡಕ್ಕೆ ನಿಂತಿದ್ದೆ.