ಅಕ್ಕಿಯಲ್ಲಿ ಬರೆಯುವ ಹೆಸರು

ನಮ್ಮ ಮನೆಗೆ ಬರಲಿರುವ ಮಗಳು ಉಚ್ಚಂಗೆಮ್ಮನಿಗೆ,

ಹೊಳಲಿನಿಂದ ನಿನ್ನ ಅತ್ತೆ ಮಾಡುವ ಆಶೀರ್ವಾದ. ಇನ್ನೂ ಲಗ್ನವಾಗಿಲ್ಲ, ಆಗಲೇ ಅತ್ತೆ ಅನ್ನಿಸಿಕೊಳ್ಳುವ ಅವಸರ ನೋಡು ಈಕೆಗೆ ಎಂದು ನಗಬೇಡ. ಫೋನ್ ಮಾಡಬಹುದಿತ್ತು. ಆದರೆ ನಿನಗೆ ಫೋನ್ ಮಾಡಿದಾಗಲೆಲ್ಲ ಹಗರಿಬೊಮ್ಮನಹಳ್ಳಿ ಸ್ಟೇಷನ್ನಿನಲ್ಲಿ ಯಾವುದಾದರೊಂದು ರೈಲು ಕೂಗುತ್ತದೆ. ನೀನು "ಒಂದ್ನಿಮಿಷ ತಡೀರಿ ಅತ್ತಿ" ಎಂದು ಬಾವುಟ ಹಿಡಿದು ಓಡುತ್ತೀ. ಸ್ಟೇಷನ್ ಮಾಸ್ಟರ್ ಆಗಿರುವ ಸೊಸೆ ಬರುತ್ತಾಳೆಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನೇ, ಹಾಗಾಗಿ ರೈಲಿನ ಮೇಲೆ ಸಿಟ್ಟು ಮಾಡಿಕೊಳ್ಳುವಂತೆಯೂ ಇಲ್ಲ. ಆದರೆ ಈಗ ಹೇಳುವ ಮಾತು ರೈಲುಗಳ ನಡುವೆ ಹೇಳುವಂಥದ್ದಲ್ಲ.

ನಿಶ್ಚಿತಾರ್ಥದ ದಿನ ಹರಪನಹಳ್ಳಿಯ ನಿಮ್ಮ ಮನೆಯಲ್ಲಿ ನಿನ್ನ ಮಾವನ ಅಕ್ಕ ದುರುಗಮ್ಮ ಎಲ್ಲರೆದುರು ಅಂದದ್ದು ನೆನಪಿದೆಯಲ್ಲ? "ಲಗ್ನದಾಗ ಹುಡುಗಿ ಹೆಸರು ಪ್ರಿಯಾ ಅಂತ ಬದಲಿ ಮಾಡ್ತೀವ್ರಿ. ಉಚ್ಚಂಗೆಮ್ಮ ಅನ್ನೋದು ನಮ್ಮ ಮನಿದೇವರ ಹೆಸರು. ದೇವರ ಹೆಸರು ಹಿಡಿದು ಸೊಸಿನ್ನ ಬಯ್ಯಾಕ ಬರತೈತೇನ್ರಿ?" ಎಲ್ಲರೂ ಹೌದು ಹೌದು ಎಂದರು. ನಿಮ್ಮಪ್ಪನವರೂ ತಲೆಯಾಡಿಸಿದರು. ಇಡೀ ರೈಲನ್ನು ನಿಲ್ಲಿಸುವ ಹುಡುಗಿ ನೀನು, ತಲೆ ತಗ್ಗಿಸಿ "ನಿಮ್ಮಿಷ್ಟ ರೀ" ಎಂದುಬಿಟ್ಟೆ. ಒಂದು ಕಾಲಕ್ಕೆ ಅದೇ ಮಾತು ಆಡಿದವಳು ನಾನು.

ನಿನಗೆ ಗೊತ್ತಿರಲಿಕ್ಕಿಲ್ಲ, ನಾನು ಹುಟ್ಟಿನಿಂದ ರಮಾ ಅಲ್ಲ. ಕೊಟ್ಟೂರಿನ ನನ್ನ ತವರಿನಲ್ಲಿ ನಾನು ಭರಮಮ್ಮ. ಹೈಸ್ಕೂಲಿನಲ್ಲಿ ಮೇಷ್ಟ್ರು ಹಾಜರಿ ಕೂಗಿದರೆ ಗೋಡೆಗೆ ತಾಗುವಂತೆ "ಪ್ರೆಸೆಂಟ್ ಸರ್" ಅನ್ನುತ್ತಿದ್ದ ಭರಮಮ್ಮ. ಲಗ್ನವಾಗಿ ಬಂದರೆ ಇಲ್ಲಿ ನಮ್ಮ ಅತ್ತೆಯ ಹೆಸರೂ ಅದೇ! ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಕೂಗುವುದು ಹೇಗೆ, ಬಯ್ಯುವುದು ಹೇಗೆ? ಮನೆ ತುಂಬಿಸಿಕೊಂಡ ದಿನ ತಾಟಿನಲ್ಲಿ ಅಕ್ಕಿ ಹರವಿ, ನಿನ್ನ ಮಾವನ ಕೈಗೆ ಉಂಗುರ ಕೊಟ್ಟು, ರಮಾ ಎಂದು ಬರೆಸಿದರು. ಎಲ್ಲರಿಗೂ ಸಕ್ಕರೆ ಹಂಚಿದರು. ಅಂತೂ ಬಯ್ಯಲು ಅನುಕೂಲವಾಗಲೆಂದು ನನಗೊಂದು ಹೆಸರು ಸಿಕ್ಕಿತು. ಅದನ್ನು ನಮ್ಮತ್ತೆ ಧಾರಾಳವಾಗಿಯೇ ಬಳಸಿಕೊಂಡರು.

ಎರಡಕ್ಷರದ ಹಗುರ ಹೆಸರು, ಇರಲಿ ಎಂದು ನಾನೂ ಸುಮ್ಮನಾದೆ. ನಿನ್ನ ಕೈಹಿಡಿಯಲಿರುವ ತಿಪ್ಪೇಶ ಅಂಬೆಗಾಲಿಡುವ ಹೊತ್ತಿಗೆ ನಮ್ಮ ಓಣಿಗೆ ಅಂಗನವಾಡಿ ಬಂತು. ಎಸ್ಸೆಸ್ಸೆಲ್ಸಿ ಪಾಸಾದ, ಅದೇ ಊರಿನ ಹೆಣ್ಣುಮಗಳೇ ಟೀಚರ್ ಆಗಬೇಕು ಅಂದರು. ಅರ್ಜಿ ಹಾಕಿದವರಲ್ಲಿ ನನ್ನದೇ ಹೆಚ್ಚು ಮಾರ್ಕು. ಆದರೆ ಮಾರ್ಕ್ಸ್ ಕಾರ್ಡಿನಲ್ಲಿ ಭರಮಮ್ಮ, ರೇಷನ್ ಕಾರ್ಡಿನಲ್ಲಿ ರಮಾ. "ಈ ಭರಮಮ್ಮ ಯಾರಮ್ಮ?" ಎಂದು ಆಫೀಸಿನವರು ಕೇಳಿದರು. "ನಾನೇ ರೀ" ಅಂದೆ. "ಹಂಗಂತ ಯಾರು ಹೇಳ್ತಾರ?" ಅಂದರು. ವಕೀಲರ ಹತ್ತಿರ ಹೋಗಿ ಅಫಿಡವಿಟ್ ಮಾಡಿಸಿ ತರಬೇಕಿತ್ತು. ನಿನ್ನ ಮಾವ "ಇರ್ಲಿ ಬಿಡು, ಮುಂದಿನ ಸಲ ನೋಡಿದ್ರಾತು" ಅಂದರು. ಅಂಥ ಹುದ್ದೆಗೆ ಮುಂದಿನ ಸಲ ಬರುವುದು ಇದ್ದವರು ರಿಟೈರ್ ಆದಮೇಲೆ. ಸರ್ಕಾರ ಓದಿದ ಹೆಣ್ಣಿಗೆಂದು ಕೆಲಸ ತೆಗೆದಿಟ್ಟಿತ್ತು, ಆದರೆ ಆ ಹೆಣ್ಣು ಅಕ್ಕಿ ತಾಟಿನಲ್ಲೇ ಕಳೆದುಹೋಗಿದ್ದಳು. ಈಗಲೂ ಅಲ್ಲಿ ಮಕ್ಕಳು ಹಾಡು ಹೇಳುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತದೆ. ಕೆಲವು ದಿನ ಕಿಟಕಿ ಮುಚ್ಚಿಬಿಡುತ್ತೇನೆ.

ನಿನ್ನ ಕೆಲಸ ಹಾಗೆ ಹೋಗುವುದಿಲ್ಲ, ಗೊತ್ತು. "ಮನಿಯಾಗ ಪ್ರಿಯಾ, ಸ್ಟೇಷನ್ನಿನಾಗ ಉಚ್ಚಂಗೆಮ್ಮ, ಎರಡೂ ಇರ್ಲಿ ಬಿಡವ್ವಾ" ಎಂದು ತಿಪ್ಪೇಶನೂ ನಿಮ್ಮೂರಿನಿಂದ ಬರುವ ದಾರಿಯಲ್ಲಿ ಅಂದ. ಆದರೆ ಡ್ಯೂಟಿ ಮುಗಿಸಿ ಬಂದವಳು ಹೊಸ್ತಿಲಾಚೆ ಚಪ್ಪಲಿಯ ಜೊತೆ ಹೆಸರನ್ನೂ ಬಿಟ್ಟು ಒಳಗೆ ಬರಬೇಕೆ? ನನ್ನ ಅವ್ವ ತೀರಿಕೊಂಡಮೇಲೆ ನನ್ನನ್ನು ಭರಮಿ ಎಂದು ಕೂಗುವವರೇ ಇಲ್ಲ. ಆ ಹುಡುಗಿ ಎಲ್ಲಿ ಹೋದಳೋ ಎಂದು ನನಗೇ ಎಷ್ಟೋ ಸಲ ಅನ್ನಿಸಿದೆ.

ನಿಶ್ಚಿತಾರ್ಥದ ಮರುದಿನ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ದುರುಗಮ್ಮ ಮತ್ತೆ ಅದನ್ನೇ ತೆಗೆದರು, ದೇವರ ಹೆಸರು ಹಿಡಿದು ಹೇಗೆ ಬಯ್ಯುವುದೆಂದು. ನನ್ನ ಬಾಯಿಂದ ಬಂದೇಬಿಟ್ಟಿತು: "ಹಂಗಾರ ಬಯ್ಯಬ್ಯಾಡ್ರಿ ಅಕ್ಕ."

ನಿನ್ನ ಮಾವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ನಿನ್ನ ಹೆಸರು ಬದಲಿ ಮಾಡಿದಾಗ ನೀ ಏನೂ ಅನ್ನಲಿಲ್ಲಲ್ಲ ರಮಾ" ಎಂದರು ದುರುಗಮ್ಮ. "ನಿಮ್ಮಿಷ್ಟ ಅಂದಿದ್ದೆ. ಇಷ್ಟ ನಿಮ್ಮದಿತ್ತು, ನಂದಲ್ಲ" ಎಂದೆ. ಆಮೇಲೆ ಏನು ಹೊಳೆಯಿತೋ, ಕೇಳಿದೆ: "ಕೂಡ್ಲಿಗಿಯಾಗ ನಿಮ್ಮ ಗಂಡನ ಮನಿಯಾಗ ನಿಮ್ಮನ್ನ ಏನಂತ ಕರೀತಾರ ಅಕ್ಕ?"

"ಶಾಂತಮ್ಮ" ಎಂದರು ಆಕೆ. ಪಲ್ಯವನ್ನು ಬೆರಳಿಂದ ಆಚೀಚೆ ಸರಿಸುತ್ತ, "ದುರುಗಿ ಅಂತ ಕರಿಯೋದು ಈ ಮನಿಯಾಗಷ್ಟ. ಅದಕ್ಕಲ್ಲೇನು ನಾ ಗಳಿಗಿಗೊಮ್ಮೆ ತವರಿಗೆ ಬರೋದು" ಎಂದರು. ಇಷ್ಟು ವರ್ಷ ನನ್ನ ಕೆಲಸದಲ್ಲಿ ತಪ್ಪು ಹುಡುಕಲು ಬರುತ್ತಾರೆಂದೇ ತಿಳಿದಿದ್ದೆ. ಪಾಪ, ತಮ್ಮ ಹೆಸರು ಕೇಳಿಸಿಕೊಳ್ಳಲು ಬರುತ್ತಿದ್ದರು. ಎದ್ದು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಪಕ್ಕದಲ್ಲಿ ಊಟಕ್ಕೆ ಕುಳಿತಿದ್ದ ತಿಪ್ಪೇಶ ಮೆಲ್ಲಗೆ, "ಅಕ್ಕಿಯಾಗ ಉಂಗುರದಿಂದ ಎರಡೆರಡು ಒತ್ತಕ್ಷರ ಬರಿಯೋದು ಭಾಳ ಕಷ್ಟ ಐತವ್ವಾ" ಎಂದ. "ರೂಢಿ ಮಾಡ್ಕೋಳಪ್ಪ" ಎಂದೆ. ನಿನ್ನ ಮಾವ ನಕ್ಕರು. ಸಂಜೆ ಬಸ್ಸು ಹತ್ತುವಾಗ ದುರುಗಮ್ಮ ನನ್ನ ಮುಖ ನೋಡದೆಯೇ ಅಂದರು: "ಅಷ್ಟುದ್ದ ಹೆಸರಿಗೆ ನಿಮ್ಮ ಮನಿ ತಾಟು ಸಾಲಂಗಿಲ್ಲ. ನಾ ಕೂಡ್ಲಿಗಿಯಿಂದ ದೊಡ್ಡ ಪರಾತ ತರ್ತೀನಿ."

ಪರಾತ ಬರುತ್ತದೆ. ಅಕ್ಕಿಯನ್ನು ನಾನು ಆರಿಸಿಟ್ಟಿದ್ದೇನೆ. ಉಳಿದದ್ದು ನಿನ್ನದು. ಅವತ್ತು ಯಾರಾದರೂ "ಏನಂತ ಬರಿಬೇಕವಾ?" ಎಂದು ಕೇಳಿದರೆ, ನಿಮ್ಮಿಷ್ಟ ಅನ್ನಬೇಡ. ರೈಲು ನಿಲ್ಲಿಸುವ ದನಿಯಲ್ಲೇ ನಿನ್ನ ಹೆಸರು ಹೇಳು.

"ಹೋದ ಮನಿ ಹೆಸರು ಉಳಿಸವಾ" ಎಂದು ಎಲ್ಲರೂ ನಿನ್ನನ್ನು ಹರಸುತ್ತಾರೆ. ನಾನು, ನಿನ್ನ ಹೆಸರು ಉಳಿಸಿಕೋ ಎಂದು ಹರಸುತ್ತೇನೆ.

ಬಹಳ ವರ್ಷಗಳ ಮೇಲೆ ಈ ರುಜು ಹಾಕುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ನಗಬೇಡ.

ನಿನ್ನ ಅತ್ತೆ,
ಭರಮಮ್ಮ